ಮರುಕಳಿಸಲಿಲ್ಲ

ನಾಲ್ಕು ಸಾವಿರದ ಮುನ್ನೂರ ಹನ್ನೆರಡು ದೂರು.
ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ
ಎರಡನೇ ಮಹಡಿಯ ಕೋಣೆ, ಹೀಟರಿಗೆ ಕೆಮ್ಮು,
ಕೋಟು ಬಿಚ್ಚದೆ ಕೂತಿದ್ದೇನೆ.
ಬಂದರಿನ ಗೇಟು ಯಾವ ದೋಣಿಗೆ ಎಷ್ಟು ಹೊತ್ತಿಗೆ ತೆರೆಯಿತು
ಎಂದು ಲೆಕ್ಕ ಇಡುವ ಸಾಫ್ಟ್‌ವೇರು ನಮ್ಮದು.
ಅದರ ಹುಳುಕೆಲ್ಲ ಹನ್ನೊಂದು ವರ್ಷದಿಂದ
ಒಂದೇ ಗೋಣಿಯಲ್ಲಿ.
"ಕ್ರಿಸ್‌ಮಸ್ಸಿನೊಳಗೆ ಹಸನಾಗಲಿ" ಅಂದಿದ್ದಾನೆ ಅಲಿಸ್ಟರ್,
ಅಕ್ಕಿ ಆರಿಸು ಅಂದಷ್ಟು ಸಲೀಸಾಗಿ.

ಆರಿಸುತ್ತೇನೆ.
"ಪರದೆ ಬಿಳಿಚಿಕೊಂಡಿತು."
"ಗುಂಡಿಯ ಹಸಿರು ಕಣ್ಣಿಗೆ ಹಿತವಿಲ್ಲ."
"ಕೆಲಸ ಮಾಡ್ತಿಲ್ಲ."
(ಯಾವುದು? ಎಲ್ಲಿ? ಯಾರು? ಉತ್ತರವಿಲ್ಲ,
ಬರೆದವನು ಬಹುಶಃ ಬೇರೆ ಊರಲ್ಲಿ ಬೇರೆ ಕೆಲಸದಲ್ಲಿದ್ದಾನೆ.)
ಇನ್ನೊಂದರಲ್ಲಿ ಒಂದೇ ಪದ: "ದಯವಿಟ್ಟು."

ಒಂದೇ ದೂರು ಏಳು ಬಾಯಲ್ಲಿ ಬಂದಿದ್ದರೆ
ಮೊದಲನೆಯದನ್ನು ಹಿರಿಯನೆಂದು ಕೂರಿಸಿ
ಉಳಿದ ಆರಕ್ಕೆ "ನಕಲು" ಎಂಬ ಚೀಟಿ.
ಆ ಆರು ಜನರ ಸಿಟ್ಟು ಮಾತ್ರ
ಒಂದೊಂದೂ ಅಸಲಿ.

ಮುಚ್ಚಿದವನ್ನು ಮತ್ತೆ ಕೆದಕು ಎಂದು ಯಾರೂ ಹೇಳಿರಲಿಲ್ಲ.
ಒಂದು ನಕಲಿನ ಬೇರು ಹುಡುಕುತ್ತ ಇಳಿದೆ.
ಅಲ್ಲಿತ್ತು, ೧೧೮೮: "ಮತ್ತೆ ನಾನೇ. ಮತ್ತೆ ಒಂದು ದೋಣಿ."
೬೪೧ರ ನಕಲೆಂದು ಮುಚ್ಚಿದೆ.
೬೪೧, ೨೦೭ರ ನಕಲು.
ಒಂದರ ಹೆಗಲಿಗೆ ಒಂದು ಒರಗಿ
ಸಾಲಾಗಿ ಸತ್ತಿವೆ.

೨೦೭. ಬರೆದವರು ಮ್ಯೂರಿಯಲ್ ಟಾಸ್ಕರ್, ಗೇಟು, ರಾತ್ರಿ ಪಾಳಿ.
"ಗಡಿಯಾರ ಹಿಂದಕ್ಕೆ ತಿರುಗಿಸುವ ರಾತ್ರಿ
ನನ್ನ ಲೆಕ್ಕದಿಂದ ಒಂದು ದೋಣಿ ಕಾಣೆಯಾಗುತ್ತದೆ.
ನಾನು ಕುಡಿಯುವುದಿಲ್ಲ."
ಸ್ಥಿತಿ: ಮುಚ್ಚಿದೆ. ಕಾರಣ: ಮರುಕಳಿಸಲಿಲ್ಲ.
ಮುಚ್ಚಿದವರು:

ನಾನು.
ಕೆಲಸಕ್ಕೆ ಸೇರಿದ ಮೊದಲ ವಾರ,
ಮಂಗಳವಾರ, ಮಧ್ಯಾಹ್ನ ಮೂರು ಗಂಟೆಯ
ಹಾಡಹಗಲಲ್ಲಿ ಪರೀಕ್ಷಿಸಿ.

ಐದನೆಯ ವರ್ಷ ಆಕೆ ಬರೆದದ್ದು ಬರೀ "ಅದೇ."
ಆರನೆಯ ವರ್ಷ ಏನೂ ಇಲ್ಲ.

ಅಕ್ಟೋಬರಿನ ಕಡೆಯ ಭಾನುವಾರ ನಿದ್ದೆಗೆಟ್ಟು ಕೂತೆ,
ಫ್ಲಾಸ್ಕಿನಲ್ಲಿ ಚಹಾ, ಕಿಟಕಿಗೆ ಉಪ್ಪುಗಾಳಿ.
ಪರೀಕ್ಷೆಯ ಯಂತ್ರದಲ್ಲಿ ಸುಳ್ಳು ಬಂದರು, ಸುಳ್ಳು ಗೇಟು.
ಒಂದು ಇಪ್ಪತ್ತಕ್ಕೆ ಒಂದು ದೋಣಿಯನ್ನು ಒಳಗೆ ಬಿಟ್ಟೆ.
ಒಂದು ಐವತ್ತೊಂಬತ್ತಾಯಿತು,
ಆಮೇಲೆ ಎರಡಾಗುವ ಬದಲು
ಮರೆತದ್ದೇನೋ ತರಲು ಹೋದವರ ಹಾಗೆ
ಹೊತ್ತು ಹಿಂದಿರುಗಿ ಒಂದಕ್ಕೆ ಬಂದು ನಿಂತಿತು.
ಎರಡನೇ ಒಂದು ಇಪ್ಪತ್ತಕ್ಕೆ ಎರಡನೇ ದೋಣಿ.
ಅದು ಬಂದು ಮೊದಲನೆಯದರ ಮೇಲೆಯೇ ಕೂತಿತು,
ಒಂದು ದೋಣಿ ಮುಳುಗಿತು
ನೀರು ಕದಡದೆ.

ಗೇಟಿಗೆ ಫೋನು ಮಾಡಿದೆ. ಎತ್ತಿದವನು ಕೀರನ್, ಎಳೆಯ ದನಿ.
ಮ್ಯೂರಿಯಲ್ಲಾ? ನಿವೃತ್ತಿಯಾಗಿ ಎಷ್ಟೋ ವರ್ಷವಾಯ್ತಲ್ಲ.
ಕೀಬೋರ್ಡಿನ ಕೆಳಗೆ ಒಂದು ನೋಟ್‌ಬುಕ್ ಬಿಟ್ಟು ಹೋಗಿದ್ದಾರೆ,
ಈ ರಾತ್ರಿಯ ದೋಣಿಗಳನ್ನು ಪೆನ್ಸಿಲಿನಲ್ಲಿ ಬರೆದಿಡಬೇಕಂತೆ.
"ನಾನೂ ಬರೀತೀನಿ. ಯಾಕೆ ಅಂತ ಗೊತ್ತಿಲ್ಲ.
ಈಗ ತಾನೇ ಒಂದು ಬರೆದೆ."

೨೦೭ನ್ನು ತೆರೆದೆ.
"ಮರುಕಳಿಸುವ ಬಗೆ" ಎಂಬ ಖಾಲಿ ಚೌಕದಲ್ಲಿ ತುಂಬಿದೆ:
ಹಂತ ಒಂದು, ಒಂದು ವರ್ಷ ಕಾಯಿರಿ.
ಹಂತ ಎರಡು, ಮಲಗಬೇಡಿ.
ಹಂತ ಮೂರು, ಪೆನ್ಸಿಲ್ ಇರಲಿ.
ಕ್ಷಮೆ ಕೇಳಲು ಚೌಕವಿರಲಿಲ್ಲ.
ಬರೆದವರ ಮಿಂಚಂಚೆಗೆ ತಾನಾಗಿ ಒಂದು ಸಾಲು ಹೋಯಿತು,
ಹೋದಷ್ಟೇ ಬೇಗ ವಾಪಸು ಬಂತು.

ಸೋಮವಾರ ಅಲಿಸ್ಟರ್ ಕೇಳಿದ,
ಎಷ್ಟು ಕಡಿಮೆಯಾಯ್ತು?
ಒಂದು ಹೆಚ್ಚಾಯ್ತು ಅಂದೆ.